ಎದೆಯ ಆಪರೇಷನ್

ಡ್ರೈವರ್ ಆಪರೇಷನ್ ಮಾಡಿಸಿಕೊಳ್ಳುತ್ತಾನೆಂದು ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವನ ಹೆಂಡತಿಗೆ ಮತ್ತು ಅವನ ಅಕ್ಕನಿಗೆ. ಒಂಬತ್ತು ವರ್ಷದ ಮಗಳಿಗೆ "ಅಪ್ಪನಿಗೆ ಸ್ವಲ್ಪ ದಿನ ರಜ" ಎಂದಷ್ಟೇ ಹೇಳಿದ್ದರು.

ಅವನಿಗೆ ನಲವತ್ತೊಂದು. ಹದಿನೆಂಟು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿದ್ದ. ಮೈಕಟ್ಟು ಹೇಳಿಕೊಳ್ಳುವಷ್ಟು ದಪ್ಪವೇನಲ್ಲ, ಕೈಕಾಲು ಸಣ್ಣವೇ. ಎದೆ ಮಾತ್ರ ಹದಿಮೂರನೇ ವಯಸ್ಸಿನಲ್ಲಿ ಹುಡುಗಿಯರ ಹಾಗೆ ಬೆಳೆದದ್ದು ಆಮೇಲೆ ಇಳಿಯಲೇ ಇಲ್ಲ. ಅವನು ಓಡಿದ, ಊಟ ಬಿಟ್ಟ, ದಂಡ ಹೊಡೆದ. ಹೊಟ್ಟೆ ಕರಗಿತು, ಕೆನ್ನೆ ಒಳಗೆ ಹೋಯಿತು, ಅದೊಂದು ಮಾತ್ರ ಜಗ್ಗಲಿಲ್ಲ. ಬಿರುಬೇಸಗೆಯಲ್ಲೂ ಯೂನಿಫಾರ್ಮಿನ ಕೆಳಗೆ ಎರಡು ಬನಿಯನ್. ನಡೆಯುವಾಗ ಭುಜ ಸ್ವಲ್ಪ ಮುಂದೆ ಬಾಗಿಸಿ ಅಂಗಿಯನ್ನು ಎದೆಯಿಂದ ಎತ್ತಿ ಬಿಡುವ ಚಾಳಿ. ಡಿಪೋದ ಬಚ್ಚಲಲ್ಲಿ ಅವನು ಚಿಲಕ ಹಾಕದೆ ಅಂಗಿ ಬಿಚ್ಚಿದ ದಿನವೇ ಇಲ್ಲ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಅವಳಿಗೆ ಇದು ಎಂದೂ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಒಂದು ಸಲ ನೇರವಾಗಿಯೇ ಕೇಳಿದ್ದಳು. "ನನಗೇನೂ ತೊಂದರೆ ಇಲ್ಲ ರೀ. ನಿಮಗಿದೆಯಾ? ಅದನ್ನ ಹೇಳಿ."

ಆ ಪ್ರಶ್ನೆಗೆ ಉತ್ತರ ಹೇಳಲು ಅವನು ಒಂದು ವರ್ಷ ತೆಗೆದುಕೊಂಡ. "ಇದೆ" ಅಂದ. ಮುಂದಿನ ವಾರ ಇಬ್ಬರೂ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ತೆಳ್ಳಗಿನ, ಮೆಲುದನಿಯ ಹೆಂಗಸು. ಪರೀಕ್ಷೆ ಮಾಡಿ, ಗ್ರಂಥಿ ಹೆಚ್ಚಿಲ್ಲ, ಮುಕ್ಕಾಲು ಪಾಲು ಕೊಬ್ಬೇ ಎಂದರು. ಕಂಕುಳ ಹತ್ತಿರ ಒಂದೊಂದು ಸಣ್ಣ ತೂತು ಮಾಡಿ, ಕೊಳವೆ ಹಾಕಿ, ಕೊಬ್ಬನ್ನು ಹೀರಿ ತೆಗೆಯುವುದು. ಲೈಪೋಸಕ್ಷನ್ ಅಂದರೆ ಅಷ್ಟೇ. "ಆಪರೇಷನ್ ಒಂದೂವರೆ ಗಂಟೆ, ಚೇತರಿಕೆ ಮೂರು ತಿಂಗಳು. ಜನ ಒಂದೂವರೆ ಗಂಟೆಗೆ ಹೆದರ್ತಾರೆ, ಮೂರು ತಿಂಗಳಿಗೆ ತಯಾರಾಗಿ ಬರೋದಿಲ್ಲ" ಎಂದು ಎರಡು ಪುಟದ ಕಾಗದ ಕೊಟ್ಟರು. ಡ್ರೈವರ್ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಓದಿದ್ದು ಅಕ್ಕ. ಮೂವತ್ತು ವರ್ಷ ಆಸ್ಪತ್ರೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಆಪರೇಷನ್ನಿನ ಹಿಂದಿನ ದಿನ ಒಂದು ಚೀಲ ಬಟ್ಟೆ, ಎರಡು ಚೀಲ ಹಳೇ ಟವೆಲುಗಳೊಂದಿಗೆ ಬಂದಿಳಿದಳು.

"ಡಾಕ್ಟರು ಕೊಟ್ಟಿದ್ದು ಓದಿದ್ಯೇನೋ?"

"ಕಣ್ಣಾಡಿಸಿದೆ ಅಕ್ಕ."

"ಕಣ್ಣಾಡಿಸೋಕೆ ಇದೇನು ಬಸ್ಸಿನ ಬೋರ್ಡಾ?" ಎಂದು ಕಾಗದ ಕಿತ್ತುಕೊಂಡು, ಕನ್ನಡಕ ಏರಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪೆನ್ಸಿಲಿನಲ್ಲಿ ಗೆರೆ ಎಳೆಯತೊಡಗಿದಳು.

ಬೆಳಿಗ್ಗೆ ಹೋದವನು ಸಂಜೆಗೆಲ್ಲ ಮನೆಯಲ್ಲಿದ್ದ. ಮೈಮೇಲೆ ಮುಂದೆ ಕೊಕ್ಕೆಗಳಿದ್ದ ಬಿಗಿ ಬನಿಯನ್, ಅದರೊಳಗೆ ದಪ್ಪ ಹತ್ತಿಯ ಪಟ್ಟಿ. ಅಕ್ಕ ಹಾಸಿಗೆಗೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಟವೆಲ್ ಹಾಸಿ, ಬೆನ್ನಿಗೆ ಮೂರು ದಿಂಬು ಒಟ್ಟಿ ಸಿದ್ಧವಾಗಿಟ್ಟಿದ್ದಳು. ಅರ್ಧ ಗಂಟೆಯಾಗಿರಲಿಲ್ಲ, ಅವನಿಗೆ ಪಕ್ಕೆ ಒದ್ದೆಯಾದಂತಾಯಿತು. ಮುಟ್ಟಿ ನೋಡಿದರೆ ಬೆರಳು ಕೆಂಪು.

"ಅಕ್ಕಾ! ರಕ್ತ!"

ಅಕ್ಕ ಓಡಿ ಬರಲಿಲ್ಲ, ನಡೆದೇ ಬಂದಳು. ಟವೆಲ್ ಎತ್ತಿ ಬೆಳಕಿಗೆ ಹಿಡಿದಳು. "ರಕ್ತ ಹೀಗೆ ನೀರು ನೀರಾಗಿ ಇರತ್ತೇನೋ? ಕೊಬ್ಬು ಸಡಿಲ ಆಗ್ಲಿ ಅಂತ ಒಳಗೆ ಔಷಧಿ ನೀರು ತುಂಬಿಸಿರ್ತಾರೆ. ಅದು ಸೋರ್ತಿದೆ. ನಾಳೆ ತನಕ ಸೋರತ್ತೆ. ಸೋರಿದಷ್ಟೂ ಊತ ಕಮ್ಮಿ." ಆಮೇಲೆ ಬಿಳಿಚಿಕೊಂಡು ನಿಂತಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿ, "ದಟ್ಟ ಕೆಂಪಾಗಿ, ಒಂದೇ ಸಮ ಹರಿದರೆ ಮಾತ್ರ ನನ್ನ ಕೂಗಮ್ಮ. ಇದಕ್ಕೆಲ್ಲ ಟವೆಲ್ ಬದಲಾಯಿಸಿದ್ರೆ ಸಾಕು" ಎಂದಳು.

ನೋವು ಅವನು ಹೆದರಿದ್ದಷ್ಟು ಇರಲಿಲ್ಲ. ಇನ್ನೂರು ದಂಡ ಹೊಡೆದ ಮಾರನೇ ದಿನ ಎದೆ ತೋಳೆಲ್ಲ ಹಿಡಿದುಕೊಂಡಂತೆ. ಏಳುವಾಗ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ಅವನನ್ನು ಎರಡೆರಡು ಗಂಟೆಗೊಮ್ಮೆ ಏಳಿಸುವವಳೇ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹಾಸಿಗೆಯಿಂದ ಅಡುಗೆಮನೆ ಬಾಗಿಲು, ಅಲ್ಲಿಂದ ಬಾಲ್ಕನಿ, ವಾಪಸ್ಸು, ನಡೆಯಲೇಬೇಕು.

ಮಗಳು ಎರಡನೇ ದಿನವೇ ಇದರ ಉಸ್ತುವಾರಿ ವಹಿಸಿಕೊಂಡಳು. ಕುತ್ತಿಗೆಗೆ ಶಾಲೆಯ ಚೀಲ, ಬಾಯಲ್ಲಿ ಸೀಟಿ. "ಅಡುಗೆಮನೆ! ಅಡುಗೆಮನೆ ಇಳಿಯೋರು ಇಳೀರಿ! ಅತ್ತೆ, ಬಾಗಿಲಲ್ಲಿ ನಿಲ್ಲಬೇಡಿ, ಒಳಗಡೆ ಬನ್ನಿ!"

"ನಗಿಸಬೇಡ ಕಣೇ, ನೋಯತ್ತೆ" ಎಂದು ಡ್ರೈವರ್ ಎದೆ ಅವುಚಿಕೊಂಡ.

"ಡ್ರೈವರ್ ಜೊತೆ ಮಾತಾಡೋ ಹಾಗಿಲ್ಲ" ಎಂದು ಅವಳು ಅವನನ್ನೇ ಗದರಿಸಿದಳು.

ಮೂರನೇ ದಿನ ಸ್ನಾನ. ಅಕ್ಕ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು, "ಮೊದಲು ಕೂತ್ಕೋ, ಆಮೇಲೆ ಬನಿಯನ್ ಬಿಚ್ಚು. ಬಿಗಿ ಸಡಿಲ ಆದ ತಕ್ಷಣ ತಲೆ ತಿರುಗತ್ತೆ" ಎಂದಳು. ಹದಿನೆಂಟು ವರ್ಷ ಸಿಟಿಯ ತಿರುವುಗಳಲ್ಲಿ ಬಸ್ಸು ಓಡಿಸಿದವನಿಗೆ ಎಂಥ ತಲೆ ತಿರುಗುವುದು ಎಂದು ಅವನು ನಿಂತೇ ಕೊಕ್ಕೆ ಬಿಚ್ಚಿದ. ನಾಲ್ಕನೇ ಕೊಕ್ಕೆಗೆ ಗೋಡೆಯ ಟೈಲುಗಳೆಲ್ಲ ಒಂದು ಸುತ್ತು ಬಂದವು. ಹೆಂಡತಿ ಬಗಲಿಗೆ ಕೈಕೊಟ್ಟು ಸ್ಟೂಲಿನ ಮೇಲೆ ಕೂರಿಸಿದಳು. ಹೊರಗಿನಿಂದ ಅಕ್ಕನ ದನಿ ಬಂತು. "ನಿಂತೇ ಬಿಚ್ಚಿದ, ಅಲ್ವಾ?"

"ಹೂಂ ಅತ್ತಿಗೆ" ಎಂದಳು ಹೆಂಡತಿ.

ತಲೆ ತಿಳಿಯಾದ ಮೇಲೆ ಅವನು ಕನ್ನಡಿ ನೋಡಿದ. ನೋಡಬಾರದಿತ್ತು. ಎದೆ ಮೊದಲಿಗಿಂತ ದೊಡ್ಡದಾಗಿತ್ತು. ನೇರಳೆ, ಕಪ್ಪು, ಅಂಚಿನಲ್ಲಿ ಹಸಿರು ಬಣ್ಣ, ಯಾರೋ ಹಿಡಿದು ಬಡಿದ ಹಾಗೆ. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಬೇರೆ ಯಾರದೋ ಚರ್ಮ ಮುಟ್ಟಿದಂತಿತ್ತು. ಹೆಂಡತಿ ಬೆಚ್ಚನೆಯ ನೀರು ಸುರಿಯುತ್ತಿದ್ದಳು.

ಆ ದಿನವಿಡೀ ಮಾತಿಲ್ಲ, ಮಾರನೇ ದಿನವೂ ಇಲ್ಲ. ಮಗಳ ಸೀಟಿಗೂ ನಗಲಿಲ್ಲ. ಸೂಪಿನ ಬಟ್ಟಲು ತಣ್ಣಗಾಗುತ್ತಿತ್ತು. ಮಧ್ಯಾಹ್ನ ಅಕ್ಕ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತಳು.

"ಏನಾಯ್ತು ಹೇಳು."

"ಮೊದಲೇ ಚೆನ್ನಾಗಿತ್ತು ಅಕ್ಕ. ಸುಮ್ಮನೆ ಇರಲಾರದೆ ಮೈಮೇಲೆ ಎಳೆದುಕೊಂಡೆ. ಈಗ ಇನ್ನೂ ದೊಡ್ಡದಾಗಿದೆ." ಮೀಸೆ ನರೆಯಲು ಶುರುವಾದ ಗಂಡಸು ಬಿಕ್ಕಿದ.

ಅಕ್ಕ ಸಮಾಧಾನ ಹೇಳಲಿಲ್ಲ. ಕಾಗದ ತೆಗೆದು ಓದಿದಳು. "ಕೇಳು. ಮೂರರಿಂದ ಐದನೇ ದಿನ ಊತ ಅತಿ ಹೆಚ್ಚು ಇರುತ್ತದೆ. ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಈ ದಿನಗಳಲ್ಲಿ ಮನಸ್ಸು ಕುಗ್ಗಬಹುದು, ರೋಗಿ ಅಳಬಹುದು, ಅಕ್ಕನ ಮೇಲೆ ಮುನಿಸಿಕೊಳ್ಳಬಹುದು."

"ಹಾಗಂತ ಬರೆದಿದೆಯಾ?"

"ಅಳೋದು, ಮುನಿಸಿಕೊಳ್ಳೋದು ನಾನು ಸೇರಿಸಿದ್ದು. ಉಳಿದದ್ದೆಲ್ಲ ಬರೆದಿದೆ. ನೋಡ್ಕೋ." ಕಾಗದ ಅವನ ಕೈಗಿಟ್ಟಳು. ಅವನು ಮೊದಲ ಸಲ ಅದನ್ನು ಮೊದಲಿಂದ ಕೊನೆವರೆಗೆ ಓದಿದ. ಓದಿ ಮುಗಿಸಿ ಸೂಪು ಕೇಳಿದ.

ಆರನೇ ದಿನ, ಭಾನುವಾರ, ಬಾಗಿಲ ಗಂಟೆ ಸದ್ದಾಯಿತು. ಹೆಂಡತಿ ಬಾಗಿಲು ತೆಗೆದರೆ ಡಿಪೋದ ನಾಲ್ವರು ಒಬ್ಬರ ಹಿಂದೊಬ್ಬರು ನಿಂತಿದ್ದರು. ಏಳು ವರ್ಷದಿಂದ ಅವನ ಬಸ್ಸಿನ ಕಂಡಕ್ಟರ್. ಹೊಟ್ಟೆ ಮುಂದೆ ಬಿಟ್ಟುಕೊಂಡ ಟೈಮ್ ಕೀಪರ್. ಇನ್ನೊಂದು ರೂಟಿನ ಡ್ರೈವರಮ್ಮ. ಕೊನೆಯಲ್ಲಿ, ಚೌಕಟ್ಟು ತುಂಬುವಷ್ಟು ದೊಡ್ಡ ಆಳು, ವರ್ಕ್‌ಶಾಪಿನ ಮೆಕ್ಯಾನಿಕ್. ಜೇಬಿನಲ್ಲಿ ಸದಾ ಬೋಲ್ಟುಗಳು ಕುಲುಕುವುದರಿಂದ ಅವನನ್ನು ಎಲ್ಲರೂ ಬೋಲ್ಟು ಎಂದೇ ಕರೆಯುತ್ತಿದ್ದರು. ಇಡೀ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಹಣ್ಣಿನ ಬುಟ್ಟಿ ಇಟ್ಟು ನಾಲ್ವರೂ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದರು. ಯಾರೂ ದನಿ ಎತ್ತಲಿಲ್ಲ. ಕಂಡಕ್ಟರನ ಕಣ್ಣು ಆಗಲೇ ತುಂಬಿತ್ತು.

"ನಾನು ಗಮನಿಸಬೇಕಿತ್ತು. ಆವತ್ತು ಸೇತುವೆ ಹತ್ತಿರ ನೀನು ಎದೆ ಮೇಲೆ ಕೈ ಇಟ್ಟುಕೊಂಡಿದ್ದೆ. ಸೆಕೆ ಅಂದುಕೊಂಡೆ ನಾನು."

ಡ್ರೈವರ್ ಹೆಂಡತಿಯ ಮುಖ ನೋಡಿದ. ಅವಳು ತುಟಿ ಕಚ್ಚಿಕೊಂಡಳು. ರಜೆ ಕೇಳಲು ಫೋನ್ ಮಾಡಿದಾಗ "ಎದೆಯ ಒಂದು ಸಣ್ಣ ಆಪರೇಷನ್" ಎಂದು ಹೇಳಿದ್ದು ಅವಳೇ. ಅದು ಟೈಮ್ ಕೀಪರನ ಮೇಜಿನಿಂದ ವರ್ಕ್‌ಶಾಪ್ ಮುಟ್ಟುವಷ್ಟರಲ್ಲಿ ಹೃದಯದ ಆಪರೇಷನ್ ಆಗಿತ್ತು.

"ಎಷ್ಟಿತ್ತಂತೆ?" ಎಂದು ಟೈಮ್ ಕೀಪರ್ ಪಿಸುಗುಟ್ಟಿದ. ರಕ್ತನಾಳದಲ್ಲಿ ಎಷ್ಟು ಕಡೆ ಅಡ್ಡ ಕಟ್ಟಿತ್ತು ಎಂದು ಅವನ ಪ್ರಶ್ನೆ.

"ಎರಡು... ಎರಡೂ ಕಡೆ" ಎಂದ ಡ್ರೈವರ್ ಗಲಿಬಿಲಿಯಲ್ಲಿ.

"ಎರಡೂ ಕಡೆ!" ಡ್ರೈವರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನೂ ಯೋಚನೆ ಮಾಡಬೇಡ. ಮೇಲಿನವರ ಜೊತೆ ನಾನೇ ಮಾತಾಡಿದ್ದೀನಿ" ಎಂದ ಟೈಮ್ ಕೀಪರ್. "ಇನ್ನು ಮೇಲೆ ನಿನಗೆ ಬಸ್ಸು ಬೇಡ. ಕಳೆದುಹೋದ ಸಾಮಾನಿನ ಕೋಣೆ ನೋಡ್ಕೊಂಡು ಹಾಯಾಗಿರು. ಕೊಡೆ, ಊಟದ ಡಬ್ಬಿ, ಅಷ್ಟೇ. ಎದೆಗೆ ಒತ್ತಡ ಇರಲ್ಲ."

ಈಗ ನಿಜವಾಗಿಯೂ ಡ್ರೈವರನ ಎದೆ ಧಸಕ್ಕೆಂದಿತು. ಕೊಡೆಗಳ ಮಧ್ಯೆ ಕೂತು ನಿವೃತ್ತಿಯವರೆಗೆ ಕಾಲ ಹಾಕುವ ಚಿತ್ರ ಕಣ್ಣ ಮುಂದೆ ಬಂತು. ಅಡುಗೆಮನೆ ಬಾಗಿಲಲ್ಲಿ ಅಕ್ಕ ಕೈ ಕಟ್ಟಿ ನಿಂತಿದ್ದಳು. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಅವನು ಮೆಲ್ಲನೆ ಅಂಗಿಯ ಮೇಲಿನ ಮೂರು ಗುಂಡಿ ಬಿಚ್ಚಿ ಬಿಗಿ ಬನಿಯನ್ ತೋರಿಸಿದ. "ಹೃದಯಕ್ಕೆ ಏನೂ ಆಗಿಲ್ಲ. ಗಟ್ಟಿಮುಟ್ಟಾಗಿದೆ. ನನಗೆ ಚಿಕ್ಕಂದಿನಿಂದ ಎದೆ... ಹೆಂಗಸರ ಹಾಗಿತ್ತು. ಕೊಬ್ಬು. ಅದನ್ನ ತೆಗೆಸಿದೆ. ನಾಚಿಕೆ ಆಗಿ ಯಾರಿಗೂ ಹೇಳಿರಲಿಲ್ಲ."

ಅವನು ಹೊದಿಕೆಯ ಅಂಚು ನೋಡುತ್ತ ಕೂತ. ಮೊದಲು ಬಾಯಿ ಬಿಟ್ಟವಳು ಡ್ರೈವರಮ್ಮ.

"ಅಷ್ಟೇನಾ? ಅಯ್ಯೋ ಪಾಪಿ! ದಾರಿಯುದ್ದಕ್ಕೂ ಅತ್ತುಕೊಂಡು ಬಂದೆನಲ್ಲೋ! ನಿನ್ನ ಮಗಳ ಮದುವೆ ತನಕ ಯೋಚನೆ ಮಾಡಿ ಮುಗಿಸಿದ್ದೆ!" ಬುಟ್ಟಿಯಿಂದ ಕಿತ್ತಳೆ ಎತ್ತಿ ಎಸೆಯಲು ಹೋದವಳು, ಬನಿಯನ್ ನೋಡಿ ತಡೆದು, ಸುಲಿದು ತಾನೇ ತಿನ್ನತೊಡಗಿದಳು.

ಕಂಡಕ್ಟರ್ ಕಣ್ಣೊರೆಸಿಕೊಳ್ಳುತ್ತಲೇ ನಗಲು ಶುರು ಮಾಡಿದ. "ಏಳು ವರ್ಷ ಕಣೋ! ಎರಡು ಬನಿಯನ್ ನೋಡಿ, ಪಾಪ ಇವನಿಗೆ ಚಳಿ ಜಾಸ್ತಿ ಅಂತ ನಿನ್ನ ಪಕ್ಕದ ಕಿಟಕಿ ಹಾಕಿ ನಾನು ಬೆವರು ಸುರಿಸ್ತಿದ್ದೆ!"

ಟೈಮ್ ಕೀಪರ್ ಸುತ್ತ ನೋಡಿ, ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿ, "ಇದನ್ನೂ ತೆಗೀತಾರಂತಾ?" ಎಂದು ಕೇಳಿದ. ಕೋಣೆಯಿಡೀ ಗೊಳ್ಳೆಂದಿತು. ಡ್ರೈವರ್ ಎದೆಗೆ ದಿಂಬು ಒತ್ತಿಕೊಂಡು "ಸಾಕು, ನೋಯತ್ತೆ, ಸಾಕು" ಎನ್ನುತ್ತ ನಕ್ಕ. ನಗದೆ ಇದ್ದವನು ಬೋಲ್ಟು ಒಬ್ಬನೇ. ಅವನು ನೆಲ ನೋಡುತ್ತ ಜೇಬಿನಲ್ಲಿ ಬೋಲ್ಟು ತಿರುಗಿಸುತ್ತಿದ್ದ.

ಎಂಟನೇ ದಿನ ಸ್ನಾನ ಮಾಡಿಸುವಾಗ ಹೆಂಡತಿಯ ಕಣ್ಣಿಗೆ ಒಂದು ವಿಷಯ ಬಿತ್ತು. ಬಲಗಡೆ ಇಳಿಯುತ್ತಿತ್ತು, ಎಡಗಡೆ ಮಾತ್ರ ಉಬ್ಬಿತ್ತು. ಒತ್ತಿದರೆ ನೀರು ತುಂಬಿದ ಚೀಲದಂತೆ ಅಲುಗುತ್ತಿತ್ತು. ಅಕ್ಕ ಹಣೆ ಮುಟ್ಟಿದಳು, ಜ್ವರವಿಲ್ಲ. ಕಾಲು ನೋಡಿದಳು, ಊತವಿಲ್ಲ. ಉಸಿರು ಸರಿಯಿದೆಯಾ ಕೇಳಿದಳು. "ಹೆದರೋದೇನೂ ಇಲ್ಲ, ಆದರೆ ಇವತ್ತೇ ತೋರಿಸಬೇಕು" ಎಂದು ಫೋನ್ ಮಾಡಿ ಕರೆದುಕೊಂಡು ಹೋದಳು.

ಡಾಕ್ಟರು ನೋಡಿದವರೇ, "ನೀರು ನಿಂತಿದೆ, ಕೆಲವರಿಗೆ ಆಗತ್ತೆ" ಎಂದು ಸಿರಿಂಜು ತಂದರು. ಸೂಜಿ ಚರ್ಮದೊಳಗೆ ಹೋಗುವುದನ್ನು ಅವನು ಕಣ್ಣಾರೆ ನೋಡಿದ, ಚೂರೂ ಗೊತ್ತಾಗಲಿಲ್ಲ. ತಿಳಿ ಹಳದಿ ನೀರು ಅರ್ಧ ಲೋಟದಷ್ಟು ಬಂತು.

"ಈ ಜೋಮು ಹೋಗೋದೇ ಇಲ್ವಾ ಡಾಕ್ಟ್ರೇ?"

"ಹೋಗತ್ತೆ. ಮೊದಲು ತುರಿಕೆ ಬರತ್ತೆ, ಇರುವೆ ಹರಿದ ಹಾಗಾಗತ್ತೆ, ಆಗಾಗ ಚುಳ್ ಅನ್ನತ್ತೆ. ಬೈಕೋಬೇಡಿ. ನರಗಳು ವಾಪಸ್ ಬರ್ತಿವೆ ಅಂತ ಅರ್ಥ."

ಮನೆಗೆ ಬಂದರೆ ಮೆಟ್ಟಿಲ ಮೇಲೆ ಬೋಲ್ಟು ಕೂತಿದ್ದ. ಕೆಲಸ ಮುಗಿಸಿ ನೇರ ಬಂದಿದ್ದ, ಉಗುರಲ್ಲಿ ಇನ್ನೂ ಗ್ರೀಸು. ಅವನ ಮುಖ ನೋಡಿದ ಅಕ್ಕ, "ನಾನು ಚಹಾ ಮಾಡ್ತೀನಿ, ನೀವಿಬ್ಬರೂ ಬಾಲ್ಕನೀಲಿ ಕೂತ್ಕೊಳ್ಳಿ" ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬೋಲ್ಟು ಕೆಳಗಿನ ಬೀದಿ ನೋಡುತ್ತ ಕೇಳಿದ. "ನೋವು ಎಷ್ಟಿರತ್ತೆ?"

"ಯಾಕೆ?"

"ನನಗೂ ಅದೇ."

ಡ್ರೈವರ್ ಅವನ ಕಡೆ ತಿರುಗಿದ. ಬಸ್ಸಿನ ಚಕ್ರವನ್ನು ಒಂಟಿಯಾಗಿ ಎತ್ತುವ ಆಳು. ಡಿಪೋದಲ್ಲಿ ಎಲ್ಲರೂ ಅದು ಕಸರತ್ತಿನ ಮೈ ಎಂದೇ ತಿಳಿದಿದ್ದರು.

"ನಾನು ಓವರಾಲ್ ಬಿಚ್ಚಿದ್ದು ಯಾವತ್ತಾದ್ರೂ ನೋಡಿದ್ದೀಯಾ?" ಎಂದ ಬೋಲ್ಟು. "ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರೋದು ಯಾಕೆ ಅಂದ್ಕೊಂಡೆ? ಬಚ್ಚಲು ಖಾಲಿ ಇರತ್ತೆ ಅಂತ."

ಒಂದೇ ಬಚ್ಚಲು, ಒಂದೇ ಚಿಲಕ, ಅಷ್ಟು ವರ್ಷ. ಇವನು ಹೊರಗೆ ಹೋಗುವುದನ್ನು ಅವನು ಕಾಯುತ್ತಿದ್ದ, ಅವನು ಹೋಗುವುದನ್ನು ಇವನು ಕಾಯುತ್ತಿದ್ದ.

"ನೋವು ಅಷ್ಟೇನಿಲ್ಲ" ಎಂದು ಡ್ರೈವರ್ ಶುರು ಮಾಡಿದ. "ಬೇರೆಯದು ಹೇಳ್ತೀನಿ ಕೇಳು." ಮೊದಲ ದಿನದ ಸೋರಿಕೆಯಿಂದ ಆ ಮಧ್ಯಾಹ್ನದ ಸಿರಿಂಜಿನವರೆಗೆ ಒಂದನ್ನೂ ಬಿಡದೆ ಹೇಳಿದ. ಬೆನ್ನ ಮೇಲೇ ಮಲಗಬೇಕು, ಕೈ ಭುಜಕ್ಕಿಂತ ಮೇಲೆತ್ತುವ ಹಾಗಿಲ್ಲ, ತಲೆ ಬಾಚಲೂ ಯಾರಾದರೂ ಬೇಕು. ನೋವಿನ ಮಾತ್ರೆ ಹೊಟ್ಟೆ ಕಟ್ಟಿಸುತ್ತದೆ, ಹಣ್ಣು ತಿನ್ನು, ನೀರು ಕುಡಿ. ಡಾಕ್ಟರನ್ನು ಕೇಳದೆ ಬೇರೆ ಮಾತ್ರೆ ನುಂಗಬೇಡ. ಅತ್ತದ್ದನ್ನೂ ಹೇಳಿದ. ಬೋಲ್ಟು ಒಂದೊಂದಕ್ಕೂ "ಹೂಂ" ಎಂದ. ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದ.

ಎರಡು ವಾರಕ್ಕೆ ಅಕ್ಕ ಹೊರಟಳು. ಹೋಗುವಾಗ ತಮ್ಮನ ಹೆಂಡತಿಗೆ, "ಇನ್ನು ನಿನಗೆ ಬಿಟ್ಟಿದ್ದು. ಬನಿಯನ್ ತೆಗೆದಿಡ್ತೀನಿ ಅಂತ ಗೋಗರೀತಾನೆ, ಬಗ್ಗಬೇಡ" ಎಂದು ಹೇಳಿದಳು. ಹೇಳಿದ ಹಾಗೆಯೇ ಆಯಿತು. ಸೆಕೆಗೆ ಬನಿಯನ್ನಿನ ಹೊಲಿಗೆಯುದ್ದಕ್ಕೂ ತುರಿಕೆ. ಅವನು ದಿನಕ್ಕೆ ನಾಲ್ಕು ಸಲ ಬೇಡುವುದು, ಅವಳು ನಾಲ್ಕು ಸಲವೂ ತಲೆ ಅಲ್ಲಾಡಿಸುವುದು. ಕಪ್ಪು ನೇರಳೆ ಕಲೆಗಳು ದಿನದಿನಕ್ಕೆ ಕೆಳಗಿಳಿದು, ಸೊಂಟದ ಹತ್ತಿರ ಹಳದಿಯಾಗಿ ಮಾಯವಾದವು. ಚರ್ಮದಡಿ ಅಲ್ಲಲ್ಲಿ ಗಂಟುಗಳಾದವು. ದಿನಾ ಸಂಜೆ ಹೆಂಡತಿ ಎಣ್ಣೆ ಮುಟ್ಟಿಸಿಕೊಂಡು, ಗಾಜು ಒರೆಸುವ ಅದೇ ಹಗುರ ಬೆರಳಿನಲ್ಲಿ ಅವನ್ನು ತೀಡುತ್ತಿದ್ದಳು. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಅವನು ದೀಪದ ಬೆಳಕಿನಲ್ಲಿ ಹೀಗೆ ಎದೆ ಕೊಟ್ಟು ಕೂತದ್ದು ಇದೇ ಮೊದಲು. ಒಂದು ಸಂಜೆ ಅವಳ ಬೆರಳು ಎಲ್ಲಿದೆ ಎಂದು ನೋಡದೆಯೇ ಗೊತ್ತಾಯಿತು.

"ಅಲ್ಲೇ, ಅಲ್ಲೇ! ಗೊತ್ತಾಗ್ತಿದೆ!"

"ಕೂಗಬೇಡಿ, ಪಕ್ಕದ ಮನೆಯವರು ಏನಂದುಕೊಂಡಾರು" ಎಂದಳು ಅವಳು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ನಾಲ್ಕು ವಾರಕ್ಕೆ ಡಾಕ್ಟರು ಅರ್ಧ ಪಾಳಿಗೆ ಒಪ್ಪಿದರು. ಮೊದಲ ದಿನ ದೊಡ್ಡ ತಿರುವಿನಲ್ಲಿ ಸ್ಟಿಯರಿಂಗ್ ಎಳೆದಾಗ ಎದೆಯ ಎರಡೂ ಬದಿ ಚುರುಗುಟ್ಟಿತು. ಎರಡನೇ ವಾರಕ್ಕೆ ಅದೂ ನಿಂತಿತು. ಕಂಡಕ್ಟರ್ ಕೇಳದೆಯೇ ಕಿಟಕಿ ಪೂರ್ತಿ ತೆರೆದಿಟ್ಟಿದ್ದ. ಮೂರು ತಿಂಗಳ ತಪಾಸಣೆಯಲ್ಲಿ ಎಡಗಡೆ ಬಲಕ್ಕಿಂತ ಒಂದು ಕೂದಲೆಳೆ ದಪ್ಪ ಉಳಿದಿದೆ ಎಂದು ಡಾಕ್ಟರು ತೋರಿಸಿದರು. ಬೇಕಿದ್ದರೆ ಮುಂದೆ ಸರಿಮಾಡಬಹುದು ಅಂದರು. ಅವನು ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, "ಬೇಡ ಡಾಕ್ಟ್ರೇ, ಇದು ಸಾಕು" ಎಂದ. ಬಾಯಿಮಾತಿಗೆ ಹೇಳಿದ್ದಲ್ಲ.

ಬೋಲ್ಟಿನ ಆಪರೇಷನ್ ಅದಾದ ತಿಂಗಳಿಗೆ ಆಯಿತು. ಅವನಿಗೆ ಮದುವೆಯಿಲ್ಲ, ಮನೆಯಲ್ಲಿ ಕಣ್ಣು ಮಂಜಾದ ತಾಯಿ ಮಾತ್ರ. ಹಾಗಾಗಿ ಡ್ರೈವರ್ ರಜೆ ಹಾಕಿ ಜೊತೆಗೆ ಹೋದ, ಕರೆತಂದ, ಟವೆಲ್ ಹಾಸಿದ. ಬೋಲ್ಟು ಸೋರಿಕೆಗೂ ಹೆದರಲಿಲ್ಲ, ಊತಕ್ಕೂ ಅಳಲಿಲ್ಲ. ಅವನಿಗೆ ಆದದ್ದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅವನು ಮಾತಾಡಲು ಶುರು ಮಾಡಿದ. ಎರಡನೇ ದಿನ ಬಾಯಿ ತೆರೆದವನು ಒಂದು ವಾರ ಮುಚ್ಚಲಿಲ್ಲ. ಶಾಲೆಯ ಆಟದ ಮೈದಾನ, ತಾನು ಮೊದಲ ಸಲ ಬಿಚ್ಚಿದ ಎಂಜಿನ್, ಅಂಗಿಯ ಅಳತೆ ಕೊಡಲು ಹೆದರಿ ಅಣ್ಣನ ಮದುವೆಗೆ ಹೋಗದೆ ತಪ್ಪಿಸಿಕೊಂಡದ್ದು, ಟೈಮ್ ಕೀಪರನ ಗೊರಕೆ, ಎಲ್ಲವೂ ಬಂತು. ಅಡುಗೆಮನೆಯಿಂದ ಅವನ ತಾಯಿ ಬಂದು ಡ್ರೈವರನ ಕೈಹಿಡಿದು ಕೇಳಿದಳು. "ಏನಪ್ಪಾ, ಎದೆಯದೇ ಅಲ್ವಾ ಆಪರೇಷನ್ ಆಗಿದ್ದು? ನಾಲಿಗೆಗೂ ಏನಾದ್ರೂ ಮಾಡಿದ್ರಾ?"

"ಇಲ್ಲಮ್ಮ, ಇದು ತಾನಾಗೇ ಆಗಿದ್ದು."

"ಇರಲಿ ಬಿಡು, ಚೆನ್ನಾಗಿದೆ" ಎಂದು ಆ ತಾಯಿ ಕುರ್ಚಿ ತಡವಿ ಮಗನ ಹತ್ತಿರ ಎಳೆದುಕೊಂಡು ಕೂತಳು. ಬೋಲ್ಟು ನಿಲ್ಲಿಸಿದಲ್ಲಿಂದ ಮುಂದುವರಿಸಿದ. ಕಿಟಕಿಯ ಹೊರಗೆ ಶಾಲೆ ಬಿಟ್ಟ ಮಕ್ಕಳ ಗದ್ದಲ. ಮನೆಗೆ ಹೋಗುವ ಹೊತ್ತಾಗಿದ್ದರೂ ಡ್ರೈವರ್ ಏಳಲಿಲ್ಲ. ಕುರ್ಚಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡ.